ಬಿಸಿಲಕೋಟೆಯ ನೆಲ, ನೀರು, ಕಲ್ಲು: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಸಿಲಕೋಟೆ ನನ್ನ ಕಾದಂಬರಿಯ ರಾಜಧಾನಿ. ಅದರ ರಾಜರು, ದಂಡನಾಯಕರು, ಮುತ್ತಿಗೆ, ದ್ರೋಹ ಎಲ್ಲವೂ ಕಟ್ಟುಕಥೆ. ಆದರೆ ಕೋಟೆಯ ಕೆಳಗಿನ ಕಲ್ಲು, ಬಾವಿಯ ನೀರು, ಹೊಲದ ಮಣ್ಣು ನಮ್ಮ ಬೀದರ್, ಕಲಬುರಗಿ, ಯಾದಗಿರಿಯವು. ಓದುಗರು ಪಟ್ಟದ ರಾಣಿಯ ಬಗ್ಗೆ ಕೇಳುವುದಕ್ಕಿಂತ ಕೋಟೆಯ ಬಾವಿಯ ಬಗ್ಗೆ ಹೆಚ್ಚು ಕೇಳುತ್ತಾರೆ. ನನಗೇನೂ ಬೇಸರವಿಲ್ಲ, ರಾಣಿಗೆ ಇರಬಹುದು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಬಿಸಿಲಕೋಟೆ ಎಲ್ಲಿದೆ? ನಕ್ಷೆಯಲ್ಲಿ ಹುಡುಕಿದರೆ ಸಿಗುತ್ತಿಲ್ಲ.

ಸಿಗುವುದಿಲ್ಲ, ಅಂಥ ಊರೇ ಇಲ್ಲ. ಅದನ್ನು ನಿಲ್ಲಿಸಿದ ಜಾಗ ಮಾತ್ರ ಚಿಂಚೋಳಿ–ಸೇಡಂ ಸೀಮೆಯದು. ಅಲ್ಲಿಂದ ಉತ್ತರಕ್ಕೆ ಬೀದರಿನ ಕೆಂಪು ಎತ್ತರದ ನೆಲ, ದಕ್ಷಿಣಕ್ಕೆ ಯಾದಗಿರಿಯ ದುಂಡು ಬಂಡೆಗಳ ಗುಡ್ಡಗಳು, ನಡುವೆ ಸುಣ್ಣದಕಲ್ಲಿನ ಬಯಲು. ಬೀದರ್ ಸಮುದ್ರಮಟ್ಟದಿಂದ 650 ಮೀಟರಿಗೂ ಮೇಲಿದೆ, ಕಲಬುರಗಿ ಸುಮಾರು 450 ಮೀಟರ್, ಯಾದಗಿರಿ 400ರ ಒಳಗೆ. ಅಂದರೆ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತ ಹೋಗುವ ನಾಡು ಇದು.

ಬೀದರಿನಿಂದ ಕಲಬುರಗಿಯ ಮೇಲೆ ಯಾದಗಿರಿಗೆ ಹೋದರೆ ಇನ್ನೂರು ಕಿಲೋಮೀಟರಿಗೆ ಹತ್ತಿರದ ದಾರಿ. ಕಥೆಯಲ್ಲಿ ಅದನ್ನು ಕುದುರೆಗೆ ಎರಡು ದಿನದ ಹಾದಿ ಮಾಡಿದ್ದೇನೆ. ದೂರವನ್ನು ಕುಗ್ಗಿಸಿದ್ದು ನಿಜ, ಆದರೆ ಯಾವುದರ ನಂತರ ಯಾವುದು ಬರುತ್ತದೆ ಎಂಬ ಕ್ರಮವನ್ನು ಕದಲಿಸಿಲ್ಲ.

ಕಟ್ಟುಕಥೆಯ ಊರಿಗೆ ಇಷ್ಟೆಲ್ಲ ಭೂವಿಜ್ಞಾನ ಬೇಕೇ?

ಬೇಕು. ರಾಜನ ಬಗ್ಗೆ ಏನು ಬರೆದರೂ ಓದುಗ ನಂಬಿಯಾನು. ಗುಡ್ಡದ ನೆತ್ತಿಯ ಮೇಲೆ ಹತ್ತು ಮೊಳ ಅಗೆದ ಕೂಡಲೇ ಬಾವಿ ತುಂಬಿತು ಎಂದು ಬರೆದರೆ, ಬೇಸಿಗೆಯಲ್ಲಿ ಕೊಡ ಹಿಡಿದು ನಡೆದ ನಮ್ಮ ಓದುಗ ಪುಸ್ತಕ ಮುಚ್ಚುತ್ತಾನೆ.

ಇನ್ನೊಂದು ಕಾರಣವೂ ಇದೆ. ಈ ಮೂರು ಜಿಲ್ಲೆಗಳಲ್ಲಿ ನಿಜವಾದ ರಾಜಧಾನಿಗಳಿಗೇ ಕೊರತೆಯಿಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಸುಣ್ಣದಕಲ್ಲಿನ ಮೇಲೆ ಕಾಗಿಣಾ ನದಿಯ ದಡದಲ್ಲಿ ನಿಂತಿತು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರು ಅಲ್ಲಿಂದ ಕಲ್ಯಾಣಕ್ಕೆ ಹೋದರು, ಅದು ಕರಿಕಲ್ಲಿನ ನೆಲ. 1347ರಲ್ಲಿ ಬಹಮನಿಗಳು ಕಲಬುರಗಿಯಲ್ಲಿ ಗದ್ದುಗೆ ಹೂಡಿದರು, ಅದೂ ಕರಿಕಲ್ಲು. ಹದಿನೈದನೆಯ ಶತಮಾನದ ಮೊದಲರ್ಧದಲ್ಲಿ ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಸಾಗಿಸಿದ, ಅಲ್ಲಿರುವುದು ಕೆಂಪು ಜಂಬಿಟ್ಟಿಗೆ. ಸುರಪುರದ ನಾಯಕರು ಗ್ರಾನೈಟ್ ಗುಡ್ಡಗಳ ನಡುವೆ ಆಳಿದರು. ಐದು ರಾಜಧಾನಿ, ನಾಲ್ಕು ಬಗೆಯ ಕಲ್ಲು. ಇವುಗಳ ಕೋಟೆ, ನೀರು, ಕಂದಕ ಒಂದರಂತೆ ಇನ್ನೊಂದಿಲ್ಲ. ರಾಜವಂಶಗಳ ಪಟ್ಟಿ ಹಿಡಿದು ಊರನ್ನು ಅರ್ಥ ಮಾಡಿಕೊಳ್ಳುವುದಕ್ಕಿಂತ ಕಲ್ಲು ಹಿಡಿದು ಅರ್ಥ ಮಾಡಿಕೊಳ್ಳುವುದು ಸುಲಭ ಎಂಬುದು ನನ್ನ ಹಟ. ಇತಿಹಾಸದ ಮೇಷ್ಟರು ಒಪ್ಪುವುದಿಲ್ಲ, ಇರಲಿ.

ಹಾಗಾದರೆ ಆ ಕಲ್ಲುಗಳು ಕೆಳಗಿನಿಂದ ಮೇಲಕ್ಕೆ ಯಾವ ಕ್ರಮದಲ್ಲಿವೆ?

ಎಲ್ಲಕ್ಕಿಂತ ಕೆಳಗೆ ಗ್ರಾನೈಟ್ ಮತ್ತು ಪಟ್ಟೆಪಟ್ಟೆಯ ನೈಸ್. ವಯಸ್ಸು 250 ಕೋಟಿ ವರ್ಷದ ಆಸುಪಾಸು, ಕೆಲವೆಡೆ ಅದಕ್ಕಿಂತ ಹಳೆಯದು. ದಕ್ಷಿಣದಲ್ಲಿ ಇದು ಬಯಲಿಗೆ ಬಂದಿದೆ, ಉತ್ತರಕ್ಕೆ ಹೋದಂತೆ ಮಿಕ್ಕ ಕಲ್ಲುಗಳ ಅಡಿಗೆ ಸರಿಯುತ್ತದೆ.

ಅದರ ಮೇಲೆ ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರ ಹರಡಿತ್ತು. ಮೊದಲು ಮರಳು, ನೊರಜು, ಜೇಡಿ ಕೂತವು. ನಂತರ ಸುಣ್ಣದ ಕೆಸರು ಪದರ ಪದರವಾಗಿ ಇಳಿದು ಕಲ್ಲಾಯಿತು. ಇದಕ್ಕೆ ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎನ್ನುತ್ತಾರೆ. ಬ್ರಿಟಿಷ್ ಕಾಲದ ಭೂವಿಜ್ಞಾನಿ ವಿಲಿಯಂ ಕಿಂಗ್ 1872ರಲ್ಲಿ ನದಿಯ ಹೆಸರನ್ನೇ ಕೊಟ್ಟ. ವಯಸ್ಸಿನ ಬಗ್ಗೆ ಪಂಡಿತರಲ್ಲಿ ಇನ್ನೂ ಜಗಳವಿದೆ. ಅರವತ್ತು ಕೋಟಿ ಎನ್ನುವವರಿದ್ದಾರೆ, ನೂರು ಕೋಟಿ ಎನ್ನುವವರೂ ಇದ್ದಾರೆ.

ಆಮೇಲೆ ಹತ್ತಾರು ಕೋಟಿ ವರ್ಷಗಳ ಪುಟಗಳೇ ಇಲ್ಲಿ ಕಾಣೆಯಾಗಿವೆ. ಡೈನೋಸಾರುಗಳ ಕಾಲದ ಬಹುಪಾಲಿಗೆ ನಮ್ಮಲ್ಲಿ ಕಲ್ಲಿನ ಸಾಕ್ಷಿಯಿಲ್ಲ. ಆ ಕಾಲದ ಕೊನೆಯಲ್ಲಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಲಾವಾ ಹರಿದು ಬಂದು ಹಳೆಯದನ್ನೆಲ್ಲ ಮುಚ್ಚಿತು. ಅದೇ ಡೆಕ್ಕನ್ ಟ್ರ್ಯಾಪ್ ಎಂಬ ಕರಿಕಲ್ಲು, ಬಸಾಲ್ಟ್. ಅದರ ನೆತ್ತಿ ಬಿಸಿಲು ಮಳೆಗೆ ಲಕ್ಷಾಂತರ ವರ್ಷ ಕೊಳೆತು ಕೆಂಪು ಜಂಬಿಟ್ಟಿಗೆ, ಅಂದರೆ ಲ್ಯಾಟರೈಟ್ ಆಯಿತು.

ಲಾವಾ ಇತ್ತೆಂದರೆ ಜ್ವಾಲಾಮುಖಿ ಪರ್ವತ ಎಲ್ಲಿ?

ಇಲ್ಲ. ಆ ಲಾವಾ ಶಂಕುವಿನಾಕಾರದ ಬೆಟ್ಟದಿಂದ ಉಕ್ಕಿದ್ದಲ್ಲ, ನೆಲದ ಉದ್ದನೆಯ ಬಿರುಕುಗಳಿಂದ ಹೊರಬಂದು ಬಯಲಿನ ಮೇಲೆ ಹಾಸುತ್ತ ಹೋದದ್ದು. ಮುಖಪುಟಕ್ಕೆ ಹೊಗೆಯಾಡುವ ಬೆಟ್ಟ ಬರೆದುಕೊಡುತ್ತೇನೆ ಎಂದ ಕಲಾವಿದರಿಗೆ ಕೈಮುಗಿದಿದ್ದೇನೆ.

ರಾಜಧಾನಿಯನ್ನು ನದಿ ದಡ ಬಿಟ್ಟು ಕೆಂಪು ಗುಡ್ಡದ ಅಂಚಿನಲ್ಲಿ ಏಕೆ ಕಟ್ಟಿದಿರಿ?

ಬೀದರನ್ನು ನೋಡಿಯೇ ಕಟ್ಟಿದೆ. ಜಂಬಿಟ್ಟಿಗೆಯ ಗುಡ್ಡಕ್ಕೆ ನೆತ್ತಿ ಚಪ್ಪಟೆ, ಅಂಚು ಕಡಿದು. ಮೇಲೆ ಊರು ಹರಡಲು ಬೇಕಾದಷ್ಟು ಸಮತಟ್ಟು ಜಾಗ, ಕೆಳಗಿನಿಂದ ಬರುವವನಿಗೆ ಏದುಸಿರು. ಈ ಕಲ್ಲಿನ ಗುಣವೂ ಕೋಟೆ ಕಟ್ಟುವವನಿಗೆ ಒಲಿದು ಬಂದದ್ದು. ನೆಲದೊಳಗೆ ಇರುವಾಗ ಮೆತ್ತಗಿದ್ದು ಗುದ್ದಲಿ, ಉಳಿಗೆ ಬಗ್ಗುತ್ತದೆ. ಕಡಿದು ಗಾಳಿಗೆ ಬಿಟ್ಟರೆ ಬರಬರುತ್ತ ಗಟ್ಟಿಯಾಗುತ್ತದೆ. ಮಳೆನೀರು ಸಿಲಿಕವನ್ನು ತೊಳೆದುಕೊಂಡು ಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಉಳಿದಿರುವುದೇ ಇದರ ಕೆಂಪಿಗೂ ತೂತು ತೂತಾದ ಮೈಗೂ ಕಾರಣ.

ಬೀದರ್ ಕೋಟೆಯ ಕಂದಕದ ಬಳಿ ಹೋಗಿ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಒಂದೆಡೆ ಕಂದಕ ಮೂರು ಸಾಲಾಗಿದೆ. ನಡುವಿನ ಎರಡು ಗೋಡೆಗಳನ್ನು ಯಾರೂ ಕಟ್ಟಿದ್ದಲ್ಲ, ಮೂರು ಕಾಲುವೆಗಳನ್ನು ಕಡಿದು ನಡುವಿನ ಬಂಡೆಯನ್ನು ಹಾಗೆಯೇ ಬಿಟ್ಟಿದ್ದಾರೆ. ಕಡಿದು ತೆಗೆದ ಕಲ್ಲು ಕೋಟೆಯ ಕೆಲಸಕ್ಕೆ ಬಂತು. ಕರಿಕಲ್ಲಿನಲ್ಲಿ ಇದೇ ಕೆಲಸಕ್ಕೆ ಎಷ್ಟು ಉಳಿ ಮೊಂಡಾಗುತ್ತಿದ್ದವೋ! ಕಲಬುರಗಿ ಕೋಟೆಯ ಕಂದಕವನ್ನೂ ನೋಡಿ ಬಂದರೆ ವ್ಯತ್ಯಾಸ ತಿಳಿಯುತ್ತದೆ.

ಗುಡ್ಡದ ಮೇಲೆ ನದಿಯಿಲ್ಲ. ಅಷ್ಟು ಜನಕ್ಕೆ ಕುಡಿಯುವ ನೀರು ಎಲ್ಲಿಂದ?

ಅತಿ ಹೆಚ್ಚು ಬಂದ ಪ್ರಶ್ನೆ ಇದು, ನನಗೆ ಅತಿ ಇಷ್ಟದ್ದೂ ಇದೇ. ನದಿಯ ನೀರನ್ನು ಏತ ಹೂಡಿ ಮೇಲೆತ್ತುತ್ತಿದ್ದರು ಎಂದು ಬಹಳ ಜನ ಊಹಿಸುತ್ತಾರೆ. ಬೇಕಿಲ್ಲ, ಗುಡ್ಡವೇ ನೀರನ್ನು ಹಿಡಿದಿಡುತ್ತದೆ.

ಜಂಬಿಟ್ಟಿಗೆಯ ಮೈಯೆಲ್ಲ ರಂಧ್ರ. ಮುಂಗಾರಿನ ಮಳೆ ಅದರೊಳಗೆ ನೇರವಾಗಿ ಇಳಿಯುತ್ತದೆ. ಇಳಿಯುತ್ತ ಹೋದಾಗ ಅಡಿಯಲ್ಲಿ ಜೇಡಿಯ ಪದರ, ಅದರ ಕೆಳಗೆ ನೀರು ಬಿಡದ ಗಟ್ಟಿ ಬಸಾಲ್ಟ್ ಸಿಗುತ್ತದೆ. ಮುಂದೆ ಇಳಿಯಲು ದಾರಿಯಿಲ್ಲದ ನೀರು ಅಡ್ಡಕ್ಕೆ ಸರಿದು, ಗುಡ್ಡದ ಅಂಚಿನಲ್ಲಿ ಎರಡು ಕಲ್ಲುಗಳು ಕೂಡುವ ಗೆರೆಯಲ್ಲಿ ಒಸರಿ ಹೊರಬರುತ್ತದೆ. ಬೀದರಿನ ಸುತ್ತ ಇರುವ ಝರಿಗಳ ಗುಟ್ಟು ಇಷ್ಟೇ. ಗುರುನಾನಕ್ ಝೀರಾದ ನೀರು, ಪಾಪನಾಶದ ನೀರು, ಝರಣಿ ನರಸಿಂಹ ಗುಹೆಯ ನೀರು, ಎಲ್ಲಕ್ಕೂ ಇದೇ ತಾಯಿ. ಝರಣಿಯಲ್ಲಿ ಸುರಂಗದೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ಮುಂದೆ ನಿಲ್ಲುವ ಭಕ್ತರಿಗೆ ಅಕ್ಕಪಕ್ಕ ತಾಗುವ ಗೋಡೆಯೂ ಈ ಕೆಂಪು ಕಲ್ಲೇ.

ಈ ಗುಣವನ್ನು ಅರಿತವರು ಬಹಮನಿ ಕಾಲದಲ್ಲಿ ಕರೇಜ್ ತೋಡಿದರು. ಇದು ಪರ್ಷಿಯಾದಿಂದ ಬಂದ ವಿದ್ಯೆ. ನೀರು ನಿಂತ ಮಟ್ಟಕ್ಕೆ ಒಂದು ತಾಯಿಬಾವಿ, ಅಲ್ಲಿಂದ ಸ್ವಲ್ಪವೇ ಇಳಿಜಾರಿನ ಸುರಂಗ, ಸುರಂಗದ ಉದ್ದಕ್ಕೂ ನಿಗದಿತ ದೂರಕ್ಕೊಂದು ನೆಟ್ಟಗಿನ ಬಾವಿ. ಆ ಬಾವಿಗಳಿಂದ ಗಾಳಿ ಒಳಗೆ ಹೋಗುತ್ತಿತ್ತು, ತೋಡಿದ ಮಣ್ಣು ಮೇಲೆ ಬರುತ್ತಿತ್ತು, ಆಮೇಲೆ ನೀರು ಸೇದಲೂ ಅವೇ ಆದವು. ಬೀದರ್ ಪಕ್ಕದ ನೌಬಾದ್‌ನಲ್ಲಿರುವ ಇಂಥ ಕರೇಜ್‌ಗೆ ಊರವರು ಸುರಂಗ ಬಾವಿ ಎಂದೇ ಕರೆಯುತ್ತಾರೆ. ಹೂಳಿನಲ್ಲಿ ಮುಚ್ಚಿಹೋಗಿದ್ದ ಅದನ್ನು ಈಚಿನ ವರ್ಷಗಳಲ್ಲಿ ತೆಗೆದು ಸ್ವಚ್ಛಗೊಳಿಸಿದ್ದಾರೆ. ಶುಕ್ಲತೀರ್ಥ ಮತ್ತು ಜಮುನಾ ಮೋರಿ ಎಂಬ ಇನ್ನೆರಡು ವ್ಯವಸ್ಥೆಗಳೂ ಬೀದರಿನಲ್ಲಿವೆ.

ಬಿಸಿಲಕೋಟೆಯ ಮುತ್ತಿಗೆ ಎಂಟು ತಿಂಗಳು ನಡೆದರೂ ಊರು ಬಾಯಾರಲಿಲ್ಲ ಎಂಬುದನ್ನು ನಂಬುವುದಕ್ಕೆ ಇಷ್ಟು ಸಾಕು. ಶತ್ರು ನದಿಯ ದಾರಿ ಕಟ್ಟಿದ, ಗುಡ್ಡದ ಹೊಟ್ಟೆಯೊಳಗಿನ ದಾರಿ ಅವನಿಗೆ ತಿಳಿದಿರಲಿಲ್ಲ. ಕೊನೆಗೆ ಯಾರು ತಿಳಿಸಿದರು ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ಕೆಳಪೇಟೆಯಲ್ಲಿ ಬಾವಿ ತೋಡುವ ದೃಶ್ಯದಲ್ಲಿ ಕೆಂಪು ಮಣ್ಣಿನ ಪಟ್ಟಿ, ಬಿಳಿ ಹರಳು ಬರುತ್ತವೆ. ಅವು ನಿಜವೇ?

ನಿಜ. ಕೆಳಪೇಟೆ ಬಸಾಲ್ಟ್ ಮೇಲಿದೆ. ಲಾವಾ ಒಂದೇ ಸಲ ಹರಿದದ್ದಲ್ಲ, ಒಂದರ ಮೇಲೊಂದು ಬಂದದ್ದು. ಪ್ರತಿ ಹಾಸಿನ ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಉಳಿದು ಕಲ್ಲು ತೂತಾಗಿರುತ್ತದೆ, ನಡುಭಾಗ ಕಬ್ಬಿಣದಂತೆ ಗಟ್ಟಿ. ಆ ತೂತುಗಳಲ್ಲಿ ಮುಂದೆ ಜಿಯೋಲೈಟ್, ಸ್ಫಟಿಕ, ಕೆಲವೊಮ್ಮೆ ಅಗೇಟ್ ಬೆಳೆಯುತ್ತವೆ. ಬಿಳಿ ಹರಳು ಅಂದರೆ ಅದೇ. ಎರಡು ಹಾಸುಗಳ ನಡುವಿನ ಕೆಂಪು ಪಟ್ಟಿ ಹಳೆಯ ಹಾಸಿನ ನೆತ್ತಿ ಮಾಗಿ ಮಣ್ಣಾದದ್ದು, ಅದರ ಮೇಲೆ ಮತ್ತೆ ಲಾವಾ ಬಂತು. ತೂತುಗಲ್ಲಿನಲ್ಲೋ ಬಿರುಕಿನಲ್ಲೋ ಗುದ್ದಲಿ ಬಿದ್ದರೆ ನೀರು, ಗಟ್ಟಿಯಲ್ಲಿ ಬಿದ್ದರೆ ಬೆವರು ಮಾತ್ರ. ಒಂದೇ ಓಣಿಯಲ್ಲಿ ಒಬ್ಬನ ಕೊಳವೆಬಾವಿ ತುಂಬಿ ಪಕ್ಕದವನದು ಬತ್ತುವುದಕ್ಕೆ ಕಾರಣ ಇದೇ ಹೊರತು ತೆಂಗಿನಕಾಯಿ ಹಿಡಿದು ಜಾಗ ತೋರಿಸಿದವನ ಕೈಗುಣವಲ್ಲ.

ಎರಡು ಲಾವಾ ಹಾಸುಗಳ ನಡುವಿನ ಬಿಡುವಿನಲ್ಲಿ ಕೆರೆಗಳೂ ಇದ್ದವು. ಗುರುಮಠಕಲ್ ಬಳಿ ಅಂಥ ಕೆರೆಯ ಕೆಸರು ಕಲ್ಲಾಗಿ, ಸಿಹಿನೀರಿನ ಶಂಖದ ಹುಳುಗಳ ಪಳೆಯುಳಿಕೆ ಸಮೇತ ಸಿಕ್ಕಿದೆ. ಮುಂದಿನ ಭಾಗದಲ್ಲಿ ಬಾವಿ ತೋಡುವವನ ಮಗಳಿಗೆ ಇದು ಸಿಗಲಿದೆ.

ಅರಮನೆಯ ಹಾಸುಗಲ್ಲನ್ನು ಎಲ್ಲಿಂದ ತರಿಸಿದರು?

ಕೆಳಗಿನ ಬಯಲಿನಿಂದ. ನಿಮ್ಮಲ್ಲಿ ಅರ್ಧ ಜನ ಇದನ್ನು ಓದುವಾಗ ಕಾಲು ಇಟ್ಟಿರುವುದೂ ಅದೇ ಕಲ್ಲಿನ ಮೇಲೆ. ಶಹಾಬಾದ್ ಕಲ್ಲು, ಫರಸಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ಇದು ಬಹುತೇಕ ಅಡ್ಡಡ್ಡ ಮಲಗಿದೆ. ಗಣಿಯ ಗೋಡೆಯನ್ನು ಪಕ್ಕದಿಂದ ನೋಡಿದರೆ ಹಬ್ಬಕ್ಕೆ ಬಡಿದು ಪೇರಿಸಿಟ್ಟ ಖಡಕ್ ರೊಟ್ಟಿಯ ಅಡಕಿಲು. ಕೆಲಸಗಾರ ಮೊದಲು ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತಾನೆ. ಎರಡು ಪದರಗಳ ನಡುವಿನ ಗೆರೆಗೆ ಉಳಿ ಇಟ್ಟು, ಒಂದೇ ಕಡೆ ಜೋರು ಮಾಡದೆ ಅಂಚಿನುದ್ದಕ್ಕೂ ಸಣ್ಣ ಸಣ್ಣ ಪೆಟ್ಟು ಹಾಕುತ್ತ ಹೋಗುತ್ತಾನೆ. ಪದರ ಬಿಟ್ಟುಕೊಂಡಾಗ ಸದ್ದು ಬದಲಾಗುತ್ತದೆ. ಆಗ ಹಾರೆ ತೂರಿಸಿ ಎತ್ತಿದರೆ ಮಂಚದಗಲದ ಹಲಗೆ ಹಾಗೆಯೇ ಎದ್ದು ಬರುತ್ತದೆ, ಅಡಿಮೈ ಆಗಲೇ ನಯವಾಗಿರುತ್ತದೆ. ಬಣ್ಣ ಹೆಚ್ಚಾಗಿ ನೀಲಿ ಬೆರೆತ ಬೂದು, ಕೆಲವು ಕಡೆ ಕೆನೆ, ಕೆಲವು ಕಡೆ ನಸುಗೆಂಪು.

ಈ ಹಲಗೆಗೆ ಬೇಡಿಕೆ ಹೊಸದಲ್ಲ. ಸನ್ನತಿ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಹೊದಿಸಿದ ಶಿಲ್ಪಫಲಕಗಳು ಈ ಬಗೆಯ ಸುಣ್ಣದಕಲ್ಲಿನವು. ಅಶೋಕನ ಹೆಸರನ್ನೇ ಕೆತ್ತಿದ ಅವನ ಚಿತ್ರ ಸಿಕ್ಕಿದ್ದು ಅಲ್ಲೇ. ಇನ್ನೂ ಹಿಂದೆ ಹೋಗುವುದಾದರೆ ಹುಣಸಗಿ ಕಣಿವೆಯ ಇಸಾಂಪುರ. ಅಲ್ಲಿ ಆದಿಮಾನವರು ಇದೇ ಬಗೆಯ ಸುಣ್ಣದಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡಿಕೊಳ್ಳುತ್ತಿದ್ದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಕಾಲಮಾಪನದಿಂದ ಬಂದ ಲೆಕ್ಕ ಸುಮಾರು 12 ಲಕ್ಷ ವರ್ಷ. ಅಂದರೆ ಈ ಸೀಮೆಯ ಮೊದಲ ಕಲ್ಲುಗಣಿಗೆ ಯಾವ ಸುಲ್ತಾನನೂ ಪರವಾನಗಿ ಕೊಟ್ಟಿದ್ದಲ್ಲ. ಇಂದು ಅದೇ ಕಲ್ಲು ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳಿಗೆ ಆಹಾರ.

ಸುಣ್ಣದಕಲ್ಲು ಇದ್ದಲ್ಲಿ ದೊಡ್ಡ ಗುಹೆಗಳಿರಬೇಕಲ್ಲ? ರಾಜಕುಮಾರ ಅಲ್ಲಿಂದ ತಪ್ಪಿಸಿಕೊಳ್ಳಬಹುದಿತ್ತು.

ನಮ್ಮ ಸುಣ್ಣದಕಲ್ಲು ಬಯಲಾಗಿ ಮಲಗಿದೆ, ಆಳದ ಕಣಿವೆಗಳಿಲ್ಲ. ಬಿರುಕುಗಳಲ್ಲಿ ನೀರು ಕರಗಿಸಿದ ಪೊಟರೆಗಳಿವೆ, ಆದರೆ ಸೈನ್ಯ ಅಡಗಿಸುವಂಥ ಗುಹೆಗಳಿಗೆ ಹೆಸರಾದ ಸೀಮೆ ಇದಲ್ಲ. ರಾಜಕುಮಾರ ಕರೇಜ್‌ನಲ್ಲೇ ತೆವಳಲಿ.

ನಕ್ಷೆಯಲ್ಲಿ ಒಂದು ನದಿ ಉತ್ತರಕ್ಕೆ, ಒಂದು ದಕ್ಷಿಣಕ್ಕೆ ಹೋಗಿದೆ. ಅಚ್ಚಿನ ತಪ್ಪೇ?

ಅಲ್ಲ. ಕೆಂಪು ಎತ್ತರದ ನೆಲವೇ ಇಲ್ಲಿ ನೀರು ಹಂಚುವ ಪಂಚ. ಬೀದರ್ ಜಿಲ್ಲೆಯ ಬಹುಪಾಲು ನೀರು ಕಾರಂಜಾ, ಮಾಂಜ್ರಾ ಮೂಲಕ ಗೋದಾವರಿಗೆ ಹೋಗುತ್ತದೆ. ಮಾಂಜ್ರಾ ಮೊದಲು ಪೂರ್ವಕ್ಕೆ ಬಂದು ತೆಲಂಗಾಣದಲ್ಲಿ ತಿರುಗಿ ಉತ್ತರಕ್ಕೆ ಹೊರಡುತ್ತದೆ. ಕಲಬುರಗಿ, ಯಾದಗಿರಿಯ ನೀರು ಕಾಗಿಣಾ, ಭೀಮೆಯ ಮೂಲಕ ಕೃಷ್ಣೆಗೆ. ಕಥೆಯಲ್ಲಿ ಎರಡು ರಾಜ್ಯಗಳ ಗಡಿ ಈ ನೀರಿನ ಬೆನ್ನಿನ ಮೇಲೇ ಇದೆ.

ಭೀಮೆಯ ಬಗ್ಗೆ ಒಂದು ಮಾತು. ಅದು ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ, ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಆದ್ದರಿಂದ ನಮ್ಮಲ್ಲಿ ಹನಿ ಬೀಳದಿದ್ದರೂ ಪ್ರವಾಹ ಬರಬಹುದು. 2020ರ ಅಕ್ಟೋಬರಿನಲ್ಲಿ ಇಲ್ಲಿನ ಮಳೆಗೆ ಮೇಲಿನಿಂದ ಬಿಟ್ಟ ನೀರೂ ಸೇರಿ ಅಫಜಲಪುರ, ಜೇವರ್ಗಿ ಕಡೆಯ ದಡದ ಹಳ್ಳಿಗಳು ಮುಳುಗಿದವು. ಮೂರನೆಯ ಅಧ್ಯಾಯದಲ್ಲಿ ನೀಲಿ ಆಕಾಶದ ಕೆಳಗೆ ನೆರೆ ಬಂದದ್ದು ಪವಾಡವಲ್ಲ.

ಶತ್ರು ರಾಜ್ಯದ ದುಂಡುಬಂಡೆ ಗುಡ್ಡಗಳು ಯಾವುವು?

ಯಾದಗಿರಿ, ಶಹಾಪುರ, ಸುರಪುರದ ಗ್ರಾನೈಟ್. ನೆಲದಾಳದಲ್ಲಿ ತಣ್ಣಗಾದ ಕಲ್ಲು, ಮೇಲಿನ ಭಾರ ಸವೆದುಹೋದಂತೆ ಚೌಕಚೌಕವಾಗಿ ಬಿರಿಯಿತು. ಬಿರುಕಿನಲ್ಲಿ ಇಳಿದ ನೀರು ಮೂಲೆಗಳನ್ನು ಮೊದಲು ತಿಂದಿತು, ಉಳಿದದ್ದು ಉರುಟು ಬಂಡೆ. ಶಹಾಪುರದ ಗುಡ್ಡದ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದನ್ನು ಬಸ್ಸಿನ ಕಿಟಕಿಯಿಂದ ನೋಡದವರು ಈ ಕಡೆ ಕಡಿಮೆ. ಯಾದಗಿರಿ ಕೋಟೆಯೂ ಇಂಥ ಒಂಟಿ ಗುಡ್ಡದ ಮೇಲಿದೆ. ಇಲ್ಲಿ ಬಂಡೆ ನೀರು ಕುಡಿಯುವುದಿಲ್ಲ. ಮಳೆನೀರನ್ನು ಬಂಡೆಯ ಕೊಳಗಳಲ್ಲಿ ಕೂಡಿಡಬೇಕು, ಮಳೆ ಕೈಕೊಟ್ಟರೆ ಕೋಟೆ ಬಿತ್ತೆಂದೇ ಅರ್ಥ. ಆಳದ ನೀರು ಸಿಕ್ಕರೂ ಹಲವೆಡೆ ಫ್ಲೋರೈಡ್ ಹೆಚ್ಚು. ಶತ್ರು ದೇಶದ ಮುದುಕರ ಹಲ್ಲು ಕಂದಿರುವುದನ್ನು ಬರೆದದ್ದು ಗೇಲಿಗಲ್ಲ, ಅಲ್ಲಿನ ನೀರಿನ ಗುರುತಿಗೆ.

ನಿಧಿ, ಖನಿಜ ಏನೂ ಇಲ್ಲವೇ?

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಸುಣ್ಣದಕಲ್ಲು ಮತ್ತು ಗ್ರಾನೈಟ್ ಮುರಿದು ಕೂಡುವ ದೊಡ್ಡ ಬಿರುಕಿನುದ್ದಕ್ಕೂ ಯುರೇನಿಯಂ ಇದೆ. ಖಡ್ಗ ಹಿಡಿದ ಕಾಲದ ಕಥೆಗೆ ಅದರಿಂದ ಏನುಪಯೋಗ?

ಬಿಸಿಲಕೋಟೆಯ ಕುಶಲಕರ್ಮಿಗಳಿಗೆ ಬೇಕಾದ ನಿಧಿ ಬೇರೆ, ಕೋಟೆಯೊಳಗಿನ ಮಣ್ಣು. ಬಿದರಿ ಕೆಲಸದಲ್ಲಿ ಸತು ಮತ್ತು ತಾಮ್ರದ ಪಾತ್ರೆಗೆ ಬೆಳ್ಳಿಯ ಎಳೆ ಕೂರಿಸಿದ ಮೇಲೆ, ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಬಳಿಯುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಬಿಸಿಲು ಮಳೆ ತಾಗದ ಮಣ್ಣೇ ಆಗಬೇಕು. ಅನುಭವಿ ಕೆಲಸಗಾರ ಒಂದು ಚಿಟಿಕೆ ನಾಲಿಗೆಗೆ ಹಾಕಿ ನೋಡಿ ಆಗುತ್ತದೆ, ಆಗುವುದಿಲ್ಲ ಎನ್ನುತ್ತಾನೆ.

ಬೆಳೆ ಏನು? ಸೈನ್ಯ ಮಳೆಗಾಲದಲ್ಲಿ ಏಕೆ ಹೊರಡುವುದಿಲ್ಲ?

ಎರಡಕ್ಕೂ ಎರೆಮಣ್ಣೇ ಉತ್ತರ. ಬಸಾಲ್ಟ್ ಕೊಳೆತು ಆದ ಕಪ್ಪು ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ಇಳಿಯುವಷ್ಟು ಬಿರಿಯುತ್ತದೆ. ಮಳೆಯಲ್ಲಿ ಗಾಡಿಯ ಗಾಲಿ ಅಚ್ಚಿನವರೆಗೆ ಹೂಳುತ್ತದೆ, ಆನೆಯೂ ಹಿಂಜರಿಯುತ್ತದೆ. ಅದೇ ಮಣ್ಣು ಕುಡಿದ ನೀರನ್ನು ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೂ ಹಿಂಗಾರಿ ಜೋಳವನ್ನು ಸಾಕುತ್ತದೆ. ತೊಗರಿಯ ಬೇರು ಆಳಕ್ಕೆ ಹೋಗುವುದರಿಂದ ಅದಕ್ಕೂ ಇದು ತವರು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಕೆಂಪು ಮಸಾರಿ ನೆಲದ ಶತ್ರುವಿಗೆ ಈ ಭಾಗ್ಯವಿಲ್ಲ, ಯುದ್ಧದ ಮೂಲ ಕಾರಣವೂ ಅದೇ.

ಕಾಡು?

ಚಿಂಚೋಳಿಯಲ್ಲಿದೆ, 2011ರಲ್ಲಿ ವನ್ಯಜೀವಿಧಾಮವೂ ಆಯಿತು. ಒಣ ಎಲೆಯುದುರುವ ಕಾಡು. ಮಲೆನಾಡಿನ ಜಿಗಣೆ, ಮಂಜು ಹುಡುಕಬೇಡಿ.

ಹತ್ತನೆಯ ಅಧ್ಯಾಯದಲ್ಲಿ ನೆಲ ಗುಡುಗುತ್ತದೆ. ಇದು ಭೂಕಂಪದ ನಾಡೇ ಅಲ್ಲವಲ್ಲ?

ಹಾಗೆಂದು ನಾವೆಲ್ಲ ನಂಬಿದ್ದೆವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಅಲ್ಲಿಯೂ ಇದೇ ಕರಿಕಲ್ಲಿನ ನೆಲ. ಕಲ್ಲು ಮಣ್ಣು ಪೇರಿಸಿದ ದಪ್ಪ ಗೋಡೆಗಳೇ ಮನೆಯವರ ಮೇಲೆ ಕುಸಿದವು. ಗುಡುಗಿನ ಸದ್ದನ್ನು ನಾನು ಎರವಲು ಪಡೆದದ್ದು ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಿಂದ. 2021ರ ಅಕ್ಟೋಬರಿನಲ್ಲಿ ಅಲ್ಲಿ ಕಂಪನಗಳು ಸಾಲಾಗಿ ಬಂದು, ನೆಲದಡಿಯಿಂದ ಸ್ಫೋಟದಂಥ ಶಬ್ದ ಕೇಳಿ, ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಭಾರಿ ಮಳೆಯ ನಂತರ ಸುಣ್ಣದಕಲ್ಲಿನ ಬಿರುಕುಗಳಿಗೆ ಇಳಿಯುವ ನೀರು ಒಳಗಿನ ಒತ್ತಡವನ್ನು ಬದಲಿಸಿ ಇಂಥ ಸಣ್ಣ ಕಂಪನ ತರಬಲ್ಲದು ಎಂಬುದು ತಜ್ಞರು ಕೊಟ್ಟ ವಿವರಣೆ.

ಈ ಕಲ್ಲುಗಳನ್ನೆಲ್ಲ ಬಂದು ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಬೀದರಿನಿಂದ. ಕೋಟೆಯ ಕಂದಕ, ನೌಬಾದ್ ಸುರಂಗ ಬಾವಿ, ನಂತರ ಹುಮನಾಬಾದ್ ದಾರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕರಿಕಲ್ಲಿನ ಗುಡ್ಡಗಳು. ಕಲಬುರಗಿ ದಾಟಿ ಮಳಖೇಡದ ಕೋಟೆಗೆ ಹೋಗಿ, ಕಾಗಿಣಾದ ಪಾತ್ರದಲ್ಲಿ ಹಾಸುಗಲ್ಲು ಕಾಣುತ್ತದೆ. ಅಲ್ಲಿಂದ ಚಿತ್ತಾಪುರ, ಸನ್ನತಿ, ಭೀಮೆ ದಾಟಿ ಶಹಾಪುರ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ಬಂದರೆ ಊರಿಗೆ ಆ ಹೆಸರು ಏಕಿಟ್ಟೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೈಬಿಟ್ಟ ಫರಸಿ ಗಣಿಗಳಲ್ಲಿ ನಿಂತ ಹಸಿರು ನೀರು ಆಳವಾಗಿರುತ್ತದೆ, ಅಂಚಿಗೆ ಬೇಲಿಯಿರುವುದಿಲ್ಲ. ಮಕ್ಕಳನ್ನು ಕರೆತಂದರೆ ಕೈ ಬಿಡಬೇಡಿ.